ಬಾಣ ಕಿತ್ತ ಮೇಲೆ: ಹಿಂಸೆಯ ಎದುರು ವೈದ್ಯಧರ್ಮ

ಹಿಂಸೆಯಿಂದ ಗಾಯಗೊಂಡವರಿಗೆ ಮದ್ದು ಮಾಡುವುದು ವೈದ್ಯರ, ದಾದಿಯರ ಕೆಲಸ ಎಂಬುದರಲ್ಲಿ ಯಾವ ಕಾಲದಲ್ಲೂ ತಕರಾರು ಇದ್ದಿಲ್ಲ. ಹಿಂಸೆಯನ್ನೇ ತಡೆಯುವುದು ಅವರ ಧರ್ಮವೇ ಎಂಬ ಪ್ರಶ್ನೆ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಭಾರತದ ಪರಂಪರೆಯಲ್ಲಿ ಇದಕ್ಕೆ ಎದುರುಬದುರಾಗಿ ನಿಲ್ಲುವ ಎರಡು ಹಳೆಯ ನೆಲೆಗಳು ಸಿಗುತ್ತವೆ. ಒಂದು, ಮಜ್ಝಿಮನಿಕಾಯದ ಚೂಳಮಾಲುಂಕ್ಯ ಸುತ್ತದಲ್ಲಿ ಬುದ್ಧ ಹೇಳುವ ದೃಷ್ಟಾಂತ. ವಿಷಬಾಣ ನೆಟ್ಟವನೊಬ್ಬ, ಅದನ್ನು ಬಿಟ್ಟವನ ಕುಲ ಯಾವುದು, ಊರು ಯಾವುದು, ಬಿಲ್ಲು ಎಂಥದು ಎಂದು ತಿಳಿಯುವ ತನಕ ಬಾಣ ಕೀಳಗೊಡುವುದಿಲ್ಲ ಎಂದು ಹಟ ಹಿಡಿದರೆ ಉತ್ತರ ಸಿಗುವ ಮೊದಲೇ ಸಾಯುತ್ತಾನೆ. ಲೋಕ ನಿತ್ಯವೋ ಅನಿತ್ಯವೋ ಎಂಬಂಥ ಪ್ರಶ್ನೆಗಳನ್ನು ಬದಿಗಿಡಲು ಹೇಳಿದ ಮಾತಿದು. ಆದರೂ ವೈದ್ಯವೃತ್ತಿಯ ಸಾಮಾನ್ಯ ತಿಳಿವಳಿಕೆ ಇದರಲ್ಲಿ ಅಚ್ಚುಕಟ್ಟಾಗಿ ಇಳಿದಿದೆ: ಮೊದಲು ಬಾಣ ಕೀಳಬೇಕು, ಬಿಟ್ಟವನು ಯಾರೆಂಬ ಗೊಡವೆ ವೈದ್ಯನಿಗೆ ಬೇಡ.

ಇನ್ನೊಂದು ನೆಲೆ ಚರಕಸಂಹಿತೆಯದು. ಅದರ ವಿಮಾನಸ್ಥಾನದ ಮೂರನೆಯ ಅಧ್ಯಾಯ ನಾಡಿಗೆ ನಾಡೇ ಹಾಳಾಗುವ ಬಗೆಯನ್ನು ಕುರಿತದ್ದು. ಪಾಂಚಾಲದ ಕಾಂಪಿಲ್ಯದ ಬಳಿ, ಬೇಸಿಗೆಯ ಕೊನೆಯ ತಿಂಗಳಲ್ಲಿ, ಗಂಗೆಯ ದಡದ ಕಾಡಿನಲ್ಲಿ ಅಡ್ಡಾಡುತ್ತ ಪುನರ್ವಸು ಆತ್ರೇಯ ತನ್ನ ಶಿಷ್ಯ ಅಗ್ನಿವೇಶನಿಗೆ ಬರಲಿರುವ ಪಿಡುಗಿನ ಮುನ್ಸೂಚನೆ ಕೊಡುತ್ತಾನೆ. ಮೈಗುಣ, ಆಹಾರ, ವಯಸ್ಸು ಎಲ್ಲ ಬೇರೆ ಬೇರೆಯಾದ ಜನ ಒಂದೇ ರೋಗದಿಂದ ಒಟ್ಟಿಗೆ ಸಾಯುವುದು ಹೇಗೆ ಎಂದು ಶಿಷ್ಯ ಕೇಳುತ್ತಾನೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಡುವುದರಿಂದ ಎಂಬುದು ಗುರುವಿನ ಉತ್ತರ. ಅವು ಕೆಡಲು ಮೂಲ ಅಧರ್ಮ, ಅಧರ್ಮಕ್ಕೆ ಮೂಲ ಪ್ರಜ್ಞಾಪರಾಧ, ಎಂದರೆ ತಿಳಿವಳಿಕೆಯೇ ದಾರಿ ತಪ್ಪುವುದು. ನಾಡು ನಗರಗಳ ಮುಖ್ಯಸ್ಥರೇ ಧರ್ಮ ಬಿಟ್ಟು ನಡೆದಾಗ ಅದು ಅವರನ್ನು ನಂಬಿದವರಿಗೆ, ಊರವರಿಗೆ, ವ್ಯವಹಾರಸ್ಥರಿಗೆ ಹಬ್ಬುತ್ತದೆ. ಇಲ್ಲಿಯವರೆಗೆ ಇದು ಸಾಂಕ್ರಾಮಿಕ ರೋಗದ ಚರ್ಚೆ. ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಆಯುಧಗಳಿಂದ ನಾಡು ಹಾಳಾಗುವುದಕ್ಕೂ ಕಾರಣ ಇದೇ ಎಂದು ಗ್ರಂಥ ಹೇಳುತ್ತದೆ: ಲೋಭ, ಕೋಪ, ಮೋಹ, ಗರ್ವ ಬೆಳೆದವರು ದುರ್ಬಲರನ್ನು ಕಡೆಗಣಿಸಿ, ತಮ್ಮವರು ಪರರು ಎನ್ನದೆ ಮೇಲೆ ಬೀಳುತ್ತಾರೆ. ಹೀಗೆ ಯುದ್ಧವೂ ಪಿಡುಗೂ ಒಂದೇ ಅಧ್ಯಾಯದಲ್ಲಿ, ಒಂದೇ ಕಾರಣದ ಕೆಳಗೆ ಬಂದಿವೆ. ಸೂತ್ರಸ್ಥಾನದಲ್ಲಿ ಮಲ, ಮೂತ್ರ, ಸೀನುಗಳಂಥ ವೇಗಗಳನ್ನು ತಡೆಯಬಾರದೆಂದು ಹೇಳಿದ ಬೆನ್ನಿಗೆ, ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ. ಮನಸ್ಸಿನ ಲೋಭ ಕ್ರೋಧಗಳು, ಮಾತಿನ ಕಟುತನ ಮತ್ತು ಚಾಡಿ, ದೇಹದ ಪರಪೀಡೆ, ಕಳವು, ಹಿಂಸೆ ಅದರಲ್ಲಿ ಸೇರಿವೆ. ಕೈ ಎತ್ತದಿರುವುದು ಇಲ್ಲಿ ಆರೋಗ್ಯದ ನಿಯಮ.

ರೋಗದ ಕಾರಣದಿಂದ ದೂರವಾಗುವುದೇ ಸಂಕ್ಷೇಪದಲ್ಲಿ ಚಿಕಿತ್ಸೆ ಎಂದು ಸುಶ್ರುತಸಂಹಿತೆಯೂ ಒಪ್ಪುತ್ತದೆ. ಈ ಎರಡು ಮಾತುಗಳನ್ನು ಕೂಡಿಸಿದರೆ ಹಿಂಸೆಯನ್ನು ತಡೆಯುವುದು ವೈದ್ಯಧರ್ಮದ ಒಳಗಿನದೇ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆದರೆ ಪ್ರಾಚೀನರು ಅಷ್ಟು ದೂರ ಹೋಗಲಿಲ್ಲ. ಅದೇ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಗುರು ವಿಧಿಸುವ ನಿಯಮಗಳಲ್ಲಿ, ರಾಜನಿಗೆ ಬೇಡವಾದವರಿಗೂ ರಾಜನನ್ನು ದ್ವೇಷಿಸುವವರಿಗೂ ಮದ್ದು ಕೊಡಬಾರದೆಂಬುದೂ ಒಂದು. ಆಳುವವರ ಅಧರ್ಮವೇ ಪಿಡುಗಿಗೂ ಯುದ್ಧಕ್ಕೂ ಮೂಲವೆಂದ ಗ್ರಂಥ, ಅದನ್ನು ಓದಿ ಹೊರಬರುವ ವೈದ್ಯನನ್ನು ಆಳುವವನ ಪಕ್ಕದಲ್ಲೇ ನಿಲ್ಲಿಸಿತು. ಮಹಾಭಾರತದ ಪಾಳೆಯಗಳಲ್ಲೂ ವೈದ್ಯರಿದ್ದಾರೆ. ಉದ್ಯೋಗಪರ್ವದಲ್ಲಿ ಅವರು ಸಲಕರಣೆಗಳೊಂದಿಗೆ ಸೇನೆಯ ಸಂಗಡ ಹೊರಡುತ್ತಾರೆ. ಭೀಷ್ಮಪರ್ವದಲ್ಲಿ ಬಾಣ ಕೀಳುವುದರಲ್ಲಿ ನುರಿತವರು ಶರಶಯ್ಯೆಯ ಬಳಿಗೆ ಬಂದರೆ, ಸಂಭಾವನೆ ಕೊಟ್ಟು ಕಳಿಸಿಬಿಡಲು ಭೀಷ್ಮ ದುರ್ಯೋಧನನಿಗೆ ಹೇಳುತ್ತಾನೆ. ಆನೆ, ಕುದುರೆ, ಬತ್ತಳಿಕೆಗಳಂತೆ ವೈದ್ಯರೂ ಸೇನೆಯ ಸರಂಜಾಮು.

ಶತ್ರುವಿನ ಗಾಯಕ್ಕೂ ಮದ್ದು ಹಚ್ಚಬೇಕೆಂಬ ವಿಚಾರ ಹೆಚ್ಚಾಗಿ ಬಂದದ್ದು ಧರ್ಮದ ಬಾಗಿಲಿನಿಂದ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಅಭಯ ಮತ್ತು ಭೈಷಜ್ಯ ಅಕ್ಕಪಕ್ಕದಲ್ಲಿವೆ. ಆಹಾರ, ಶಾಸ್ತ್ರ ಉಳಿದೆರಡು. ಶ್ರವಣಬೆಳಗೊಳದಂಥ ಕಡೆಯ ಕನ್ನಡ ಶಾಸನಗಳು ದಾನಿಗಳನ್ನು ಹೊಗಳುವಾಗ ಈ ನಾಲ್ಕನ್ನೂ ಒಟ್ಟಿಗೆ ಹೆಸರಿಸುತ್ತವೆ. ಭಯದಿಂದ ಬಿಡಿಸುವುದೂ ಬೇನೆಯಿಂದ ಬಿಡಿಸುವುದೂ ಸರಿಸಮಾನವೆಂಬ ಎಣಿಕೆ ಅದು. ಹಾಗೆ ಹೊಗಳಿಸಿಕೊಂಡ ಮನೆತನಗಳಲ್ಲಿ ದಂಡನಾಯಕರ ಮನೆತನಗಳೂ ಇದ್ದವೆಂಬುದನ್ನು ಮರೆಯುವಂತಿಲ್ಲ. ಸಿಖ್ಖರ ಪರಂಪರೆಯಲ್ಲಿ ಭಾಯಿ ಕನ್ಹಯ್ಯನ ಕಥೆ ಇನ್ನೂ ನೇರವಾದದ್ದು. 18ನೆಯ ಶತಮಾನದ ಆರಂಭದಲ್ಲಿ ಆನಂದಪುರದ ಕದನಗಳಲ್ಲಿ ಆತ ಬಿದ್ದ ಮೊಘಲ್ ಸೈನಿಕರಿಗೂ ನೀರು ಕುಡಿಸುತ್ತಿದ್ದಾನೆಂದು ದೂರು ಹೋಯಿತು. ಗುರು ಗೋವಿಂದ ಸಿಂಗರು ಕರೆಸಿ ಕೇಳಿದಾಗ, ತನಗೆ ಎಲ್ಲರಲ್ಲೂ ಗುರುವೇ ಕಾಣುತ್ತಾನೆ ಎಂದನಂತೆ. ಗುರುಗಳು ಅವನನ್ನು ಗದರಿಸಲಿಲ್ಲ, ಗಾಯಕ್ಕೆ ಹಚ್ಚಲು ಮುಲಾಮನ್ನೂ ಕೊಟ್ಟು ಕಳಿಸಿದರು.

ಯೂರೋಪಿನಲ್ಲಿ ಇದೇ ಭಾವನೆ ಕಾನೂನಿನ ರೂಪ ಪಡೆಯಲು ಸಾಲ್ಫೆರಿನೊ ಕದನ ಬೇಕಾಯಿತು. 1859ರ ಜೂನ್ 24ರಂದು ಉತ್ತರ ಇಟಲಿಯಲ್ಲಿ ಒಂದೇ ದಿನ ಸುಮಾರು 40 ಸಾವಿರ ಮಂದಿ ಸತ್ತರು ಅಥವಾ ಗಾಯಗೊಂಡರು. ವ್ಯಾಪಾರದ ಕೆಲಸಕ್ಕಾಗಿ ಅತ್ತ ಬಂದಿದ್ದ ಜಿನೀವಾದ ಆನ್ರಿ ದ್ಯುನಾನ್, ಕಾಸ್ತಿಲಿಯೋನೆ ಊರಿನ ಚರ್ಚಿನಲ್ಲಿ ಹೆಂಗಸರನ್ನು ಸೇರಿಸಿಕೊಂಡು ಎರಡೂ ಕಡೆಯ ಗಾಯಾಳುಗಳ ಆರೈಕೆಗೆ ನಿಂತ. 1863ರಲ್ಲಿ ರೆಡ್ ಕ್ರಾಸ್ ಸಮಿತಿ, 1864ರಲ್ಲಿ 12 ದೇಶಗಳು ಸಹಿ ಮಾಡಿದ ಮೊದಲ ಜಿನೀವಾ ಒಪ್ಪಂದ ಹುಟ್ಟಿಕೊಂಡವು. ಯುದ್ಧಭೂಮಿಯ ವೈದ್ಯ ತಟಸ್ಥ, ಅವನ ಮೇಲೆ ಗುಂಡು ಹಾರಿಸಬಾರದು ಎಂಬುದು ಅಂದಿನಿಂದ ಕಾನೂನು. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳನ್ನು ಕಣ್ಣಾರೆ ಕಂಡಿದ್ದ ಫ್ಲಾರೆನ್ಸ್ ನೈಟಿಂಗೇಲ್ ಮಾತ್ರ ಈ ಯೋಜನೆಗೆ ಮೊದಲು ಒಲವು ತೋರಲಿಲ್ಲ. ಗಾಯಾಳುಗಳ ಹೊಣೆ ಯುದ್ಧಕ್ಕೆ ಕಳಿಸಿದ ಸರ್ಕಾರದ್ದು. ಅದನ್ನು ಪುಣ್ಯಾತ್ಮರು ಹೊತ್ತುಕೊಂಡರೆ ಸರ್ಕಾರಗಳಿಗೆ ಯುದ್ಧ ಇನ್ನಷ್ಟು ಸಲೀಸಾಗುತ್ತದೆ ಎಂಬುದು ಆಕೆಯ ವಾದ. ಈ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ಹೇಳಿದವರು ಇಲ್ಲ.

ಅದನ್ನು ಇನ್ನೂ ಆಳಕ್ಕೆ ಒಯ್ದವರು ಗಾಂಧೀಜಿ, ಅದೂ ಸ್ವತಃ ಡೋಲಿ ಹೊತ್ತ ಮೇಲೆ. 1899ರ ಬೋಯರ್ ಯುದ್ಧದಲ್ಲಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿ ಬ್ರಿಟಿಷ್ ಗಾಯಾಳುಗಳನ್ನು ಮೈಲುಗಟ್ಟಲೆ ಹೊತ್ತು ಸಾಗಿಸಿದರು. 1906ರಲ್ಲಿ ನಟಾಲಿನ ಜುಲುಗಳ ಮೇಲೆ ಸರ್ಕಾರ ಸೈನ್ಯ ನುಗ್ಗಿಸಿದಾಗ 24 ಜನರ ಚಿಕ್ಕ ದಳದೊಂದಿಗೆ ಮತ್ತೆ ಹೊರಟರು. ಅಲ್ಲಿ ಅವರ ಪಾಲಿಗೆ ಬಂದದ್ದು ಜುಲುಗಳ ಆರೈಕೆ. ಅವರಲ್ಲಿ ಬಹಳ ಮಂದಿ ಕಾಳಗದಲ್ಲಿ ಗಾಯಗೊಂಡವರೇ ಆಗಿರಲಿಲ್ಲ. ಅನುಮಾನದ ಮೇಲೆ ಹಿಡಿದು ಚಾಟಿಯಿಂದ ಹೊಡೆಸಿದವರು. ಬಿಳಿಯ ದಾದಿಯರು ಮುಟ್ಟಲೊಲ್ಲದೆ ಆ ಬಾಸುಂಡೆಗಳು ಕೀವಾಗಿದ್ದವು. ಭಾರತೀಯರು ಗಾಯ ತೊಳೆಯುವಾಗ ಬಿಳಿಯ ಸೈನಿಕರು ಕಟಕಟೆಯ ಆಚೆ ನಿಂತು ಬೇಡವೆಂದು ತಡೆಯಲು ನೋಡುತ್ತಿದ್ದರು. ಗಾಯದ ಆಕಾರವೇ ಅಲ್ಲಿ ನಡೆದದ್ದು ಯುದ್ಧವಲ್ಲ ಎಂಬುದಕ್ಕೆ ಪುರಾವೆಯಾಗಿತ್ತು, ಮತ್ತು ಅದನ್ನು ಹತ್ತಿರದಿಂದ ಕಂಡವರು ಶುಶ್ರೂಷೆಗೆ ಕೂತವರು. 1914ರಲ್ಲಿ ಲಂಡನ್ನಿನಲ್ಲಿ ಮೂರನೆಯ ಸಲ ಇಂಥ ದಳ ಕಟ್ಟಹೊರಟಾಗ, ಇದು ಅಹಿಂಸೆಗೆ ಹೊಂದುವುದೇ ಎಂದು ದಕ್ಷಿಣ ಆಫ್ರಿಕದ ಗೆಳೆಯರು ಕೇಳಿದರು. ಮುಂದೆ ಆತ್ಮಕಥೆಯಲ್ಲಿ ಅವರು ಕೊಟ್ಟ ಉತ್ತರದಲ್ಲಿ ತಮಗೇ ವಿನಾಯಿತಿ ಇಲ್ಲ. ದರೋಡೆಕೋರರ ಗುಂಪಿಗೆ ಕಾವಲು ಕಾಯುವವನೂ, ಗಾಯಗೊಂಡ ದರೋಡೆಕೋರನ ಶುಶ್ರೂಷೆ ಮಾಡುವವನೂ ದರೋಡೆಯಲ್ಲಿ ಪಾಲುದಾರರೇ. ಹಾಗೆಯೇ ಯುದ್ಧದಲ್ಲಿ ಬರೀ ಗಾಯಾಳುಗಳನ್ನು ನೋಡಿಕೊಂಡವನೂ ಯುದ್ಧದ ದೋಷದಿಂದ ಹೊರಗಲ್ಲ ಎಂಬುದು ಅದರ ಸಾರ. ಆದರೂ ಅವರು ಸೇವೆಗೆ ಹೋದರು. ಸಾಮ್ರಾಜ್ಯದ ರಕ್ಷಣೆಯಲ್ಲಿ ಬದುಕುತ್ತ ಅದರ ಯುದ್ಧದಿಂದ ಮಾತ್ರ ದೂರ ನಿಲ್ಲುವುದೂ ಶುದ್ಧವಲ್ಲ ಎಂದು ಅವರಿಗೆ ಆಗ ಅನ್ನಿಸಿತ್ತು. ಈ ತರ್ಕದ ಎರಡನೆಯ ಭಾಗ ಒಪ್ಪದವರೂ ಮೊದಲ ಭಾಗವನ್ನು ತಳ್ಳಿಹಾಕುವುದು ಕಷ್ಟ. ಬಾಣ ಕೀಳುವುದು ಒಳ್ಳೆಯದೇ, ಆದರೆ ಕಿತ್ತ ಮಾತ್ರಕ್ಕೆ ವೈದ್ಯ ನಿರ್ದೋಷಿಯಾಗುವುದಿಲ್ಲ.

ಹಾಗಾದರೆ ಇನ್ನೇನು ಮಾಡಬೇಕು? 20ನೆಯ ಶತಮಾನ ಈ ಪ್ರಶ್ನೆಯನ್ನು ಬಹಳ ಕ್ರೂರವಾಗಿ ಎದುರಿಗಿಟ್ಟಿತು. 1942ರ ಅಕ್ಟೋಬರ್ 14ರಂದು ಜಿನೀವಾದಲ್ಲಿ ಸೇರಿದ ರೆಡ್ ಕ್ರಾಸ್ ಸಮಿತಿ, ಯೆಹೂದಿಗಳ ಗಡೀಪಾರು ಮತ್ತು ಕೊಲೆಗಳ ಸುದ್ದಿ ತಿಳಿದಿದ್ದೂ ಬಹಿರಂಗ ಹೇಳಿಕೆ ಕೊಡದಿರಲು ತೀರ್ಮಾನಿಸಿತು. ಮಾತಾಡಿದರೆ ಯುದ್ಧಕೈದಿಗಳ ಬಳಿಗೆ ಹೋಗಲು ಇದ್ದ ಅವಕಾಶವೂ ತಪ್ಪೀತೆಂಬ ಅಂಜಿಕೆ ಅದಕ್ಕಿತ್ತು. ಸಮಿತಿಯೇ ಮುಂದೆ ಇದನ್ನು ತನ್ನ ಸೋಲೆಂದು ಒಪ್ಪಿಕೊಂಡಿದೆ. 1967ರಿಂದ 1970ರವರೆಗೆ ನೈಜೀರಿಯಾದಲ್ಲಿ ನಡೆದ ಬಯಾಫ್ರಾ ಯುದ್ಧದಲ್ಲಿ ಇದೇ ಮೌನದ ನಿಯಮಕ್ಕೆ ಬೇಸತ್ತ ಫ್ರೆಂಚ್ ವೈದ್ಯರು, ಪತ್ರಕರ್ತರ ಜೊತೆಗೂಡಿ 1971ರಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಕಟ್ಟಿದರು. ಚಿಕಿತ್ಸೆಯ ಜೊತೆಗೆ ಕಂಡದ್ದನ್ನು ಹೇಳುವುದೂ ಅದರ ಕಾರ್ಯಕ್ರಮ. ಎರಡರಲ್ಲಿ ಯಾವುದು ಸರಿ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಬಾಯಿ ತೆರೆದವರನ್ನು ದೇಶದಿಂದ ಹೊರಗಟ್ಟಿದಾಗ ನರಳುವವರು ರೋಗಿಗಳೇ. ಆದರೆ ಮೌನಕ್ಕೆ ಒಂದು ಎಲ್ಲೆ ಇರಬೇಕೆಂಬುದನ್ನು ಸ್ಟೀವ್ ಬೀಕೊ ಪ್ರಕರಣ ತೋರಿಸಿತು. 1977ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್‌ನಲ್ಲಿ ಪೊಲೀಸರ ವಶದಲ್ಲಿದ್ದ ಈ ಕರಿಯರ ನಾಯಕನ ತಲೆಗೆ ಪೆಟ್ಟು ಬಿದ್ದಿತ್ತು. ಇಬ್ಬರು ಸರ್ಕಾರಿ ವೈದ್ಯರು ನೋಡಿದರು. ಪೊಲೀಸರ ಮಾತಿಗೆ ತಲೆಯಾಡಿಸಿದರು. ಅವನನ್ನು ಬೆತ್ತಲೆಯಾಗಿ ಲ್ಯಾಂಡ್ ರೋವರಿನ ಹಿಂಬದಿಯಲ್ಲಿ ಮಲಗಿಸಿ ಸಾವಿರ ಕಿಲೋಮೀಟರಿಗೂ ದೂರದ ಪ್ರಿಟೋರಿಯಾಕ್ಕೆ ಒಯ್ದರು. 12ರಂದು ಅವನು ಸತ್ತ. ವೈದ್ಯಮಂಡಳಿ ಆ ಇಬ್ಬರ ಮೇಲೆ ಕ್ರಮಕ್ಕೆ ಒಪ್ಪಲಿಲ್ಲ. ಬೇರೆ ಕೆಲವು ವೈದ್ಯರು ಕೋರ್ಟಿಗೆ ಹೋಗಿ ಗೆದ್ದ ಮೇಲೆ, 1985ರಲ್ಲಿ ವಿಚಾರಣೆ ನಡೆದು ತಪ್ಪು ಸಾಬೀತಾಯಿತು. ಆ ಕೋಣೆಯಲ್ಲಿ ಬೇಕಾಗಿದ್ದದ್ದು ಶಾಂತಿಯ ಉಪದೇಶವೂ ಅಲ್ಲ, ದೊಡ್ಡ ಧೈರ್ಯವೂ ಅಲ್ಲ. ತಲೆಗೆ ಪೆಟ್ಟು ಬಿದ್ದಿದೆ, ಆಸ್ಪತ್ರೆಗೆ ಸೇರಿಸಬೇಕು ಎಂಬ ಎರಡು ಸಾಲಿನ ಬರಹ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಹೊಣೆಯ ಮಾತು ಬಹಳ ಹಿಂದೆಯೇ ದಾಖಲಾಗಿದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ಎಲ್ಲ ಜನರ ಆರೋಗ್ಯವಿಲ್ಲದೆ ಶಾಂತಿ ಇಲ್ಲ ಎಂಬ ತತ್ವವನ್ನು ಮುನ್ನುಡಿಯಲ್ಲೇ ಇಟ್ಟುಕೊಂಡಿತು. ಅದರ ಸಭೆ 1981ರಲ್ಲಿ ಶಾಂತಿ ಕಾಪಾಡುವಲ್ಲಿ ವೈದ್ಯರ ಮತ್ತು ಇತರ ಆರೋಗ್ಯ ಕಾರ್ಯಕರ್ತರ ಪಾತ್ರದ ಕುರಿತೇ ನಿರ್ಣಯ ಮಾಡಿತು. 1996ರಲ್ಲಿ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಘೋಷಿಸಿತು. ಅಮೆರಿಕದ ಬರ್ನಾರ್ಡ್ ಲೌನ್ ಮತ್ತು ಸೋವಿಯತ್ ಒಕ್ಕೂಟದ ಯೆವ್ಗೆನಿ ಚಜೋವ್, ಇಬ್ಬರೂ ಹೃದಯತಜ್ಞರು, 1980ರಲ್ಲಿ ಕಟ್ಟಿದ ಪರಮಾಣು ಯುದ್ಧವಿರೋಧಿ ವೈದ್ಯರ ಸಂಘಟನೆಗೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಣುಬಾಂಬು ಬಿದ್ದ ಊರಿನಲ್ಲಿ ಚಿಕಿತ್ಸೆ ಕೊಡಲು ಆಸ್ಪತ್ರೆಯೂ ಉಳಿಯದು, ವೈದ್ಯರೂ ಉಳಿಯರು. ಆದ್ದರಿಂದ ತಡೆಯುವುದೊಂದೇ ದಾರಿ ಎಂಬುದು ಅವರ ಸರಳ ವಾದ. ಇದೇ ಚಜೋವ್ 1973ರಲ್ಲಿ, ಸೋವಿಯತ್ ಆಡಳಿತವನ್ನು ಟೀಕಿಸುತ್ತಿದ್ದ ಭೌತವಿಜ್ಞಾನಿ ಆಂದ್ರೇ ಸಖಾರೊವ್ ಅವರನ್ನು ಖಂಡಿಸಿದ ಪತ್ರಕ್ಕೆ ಸಹಿ ಹಾಕಿದ್ದರೆಂಬುದು ಪ್ರಶಸ್ತಿಯ ಹೊತ್ತಿನಲ್ಲೇ ಹೊರಬಂದು ಗದ್ದಲವಾಯಿತು. ಆಳುವವರ ಪಕ್ಕದಲ್ಲಿರುವ ವೈದ್ಯರ ಹಳೆಯ ಕಷ್ಟ ಹೋಗಿರಲಿಲ್ಲ.

ಘೋಷಣೆಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಲಸಿಕೆ. ಎಲ್ ಸಾಲ್ವಡಾರಿನ ಅಂತರ್ಯುದ್ಧದ ನಡುವೆ, 1985ರಲ್ಲಿ, ಯುನಿಸೆಫ್ ಮತ್ತು ಕ್ಯಾಥೊಲಿಕ್ ಚರ್ಚಿನ ಮಧ್ಯಸ್ಥಿಕೆಯಿಂದ ಸರ್ಕಾರವೂ ಬಂಡುಕೋರರೂ ಮೂರು ದಿನ ಕದನ ನಿಲ್ಲಿಸಿದರು. ಮಕ್ಕಳಿಗೆ ಲಸಿಕೆ ಹಾಕಲು ತಂಡಗಳು ಎರಡೂ ಕಡೆಯ ಹಳ್ಳಿಗಳಿಗೆ ಹೋದವು. ಯುದ್ಧ ಮುಗಿಯುವ ತನಕ ವರ್ಷವರ್ಷವೂ ಇದು ನಡೆಯಿತು. 1995ರಲ್ಲಿ ಸುಡಾನಿನಲ್ಲಿ ನಾರುಹುಣ್ಣಿನ ನಿರ್ಮೂಲನೆಗೆಂದು ಜಿಮ್ಮಿ ಕಾರ್ಟರ್ ಮಾಡಿಸಿದ ಕದನವಿರಾಮ ಸುಮಾರು ಆರು ತಿಂಗಳು ಉಳಿಯಿತು. ಎರಡೂ ದೇಶಗಳಲ್ಲಿ ಯುದ್ಧ ಆ ಮೇಲೂ ವರ್ಷಗಟ್ಟಲೆ ಎಳೆಯಿತು. ಲಸಿಕೆಯ ದಿನಗಳು ಶಾಂತಿಯನ್ನು ತಂದವೆಂದು ಹೇಳುವುದು ಉತ್ಪ್ರೇಕ್ಷೆ. ಆದರೆ ಇಬ್ಬರು ಶತ್ರುಗಳು ಒಂದು ಮಾತಿಗೆ ಬದ್ಧರಾಗಿ ಉಳಿಯಬಲ್ಲರೆಂಬುದನ್ನು ಅವು ತೋರಿಸಿಕೊಟ್ಟವು.

ಯುದ್ಧದ ಮಾತು ಇಷ್ಟಾದರೂ, ಆರೋಗ್ಯ ಕಾರ್ಯಕರ್ತರು ದಿನನಿತ್ಯ ಕಾಣುವ ಹಿಂಸೆ ಮನೆಯೊಳಗಿನದು. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಗೆ ರಾತ್ರಿ ಹೆಂಗಸೊಬ್ಬಳು ಬರುತ್ತಾಳೆ; ಜೊತೆಯಲ್ಲಿ ಗಂಡ, ಇಲ್ಲವೇ ಅತ್ತೆ. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಾಳೆ. ಬಿದ್ದರೆ ಮೊಣಕೈಗೆ, ಸೊಂಟಕ್ಕೆ ಪೆಟ್ಟಾಗುತ್ತದೆ. ಏಟಿಗೆ ಅಡ್ಡ ಹಿಡಿದ ತೋಳಿನ ಹೊರಮೈಯಲ್ಲಿ ಬಾಸುಂಡೆ ಏಳುತ್ತದೆ, ಕೆಲವು ಹೊಸತು, ಕೆಲವು ಹಸಿರುಗಟ್ಟಿದ ಹಳೆಯವು. ಡ್ಯೂಟಿ ಡಾಕ್ಟರಿಗೂ ಸಿಸ್ಟರಿಗೂ ಇದು ಗೊತ್ತಾಗದೆ ಇರುವುದಿಲ್ಲ. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ಎಂಎಲ್‌ಸಿ ರಿಜಿಸ್ಟರಿನಲ್ಲಿ ಏನು ಬರೆಯಬೇಕೆಂಬಲ್ಲಿ ತಡವರಿಕೆ ಶುರುವಾಗುತ್ತದೆ. ಬರೆದರೆ ಪೊಲೀಸು, ಗಾಯದ ಪ್ರಮಾಣಪತ್ರ, ವರ್ಷಗಳ ನಂತರ ಸಾಕ್ಷಿ ಹೇಳಲು ಸಮನ್ಸು. ಸುಟ್ಟಗಾಯದ ವಾರ್ಡಿಗೆ ಬಂದ ಎಳೆಯ ಸೊಸೆಯರ ಕೇಸ್ ಶೀಟುಗಳಲ್ಲಿ ‘ಸ್ಟೌ ಸಿಡಿದು’ ಎಂಬ ಎರಡು ಪದ ದಶಕಗಳ ಕಾಲ ಎಷ್ಟೋ ಪ್ರಶ್ನೆಗಳನ್ನು ಮುಚ್ಚಿವೆ. ಜೊತೆಗಿದ್ದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಒಮ್ಮೆ ಕೇಳುವುದಕ್ಕೆ ಯಂತ್ರವೂ ಬೇಡ, ಮದ್ದೂ ಬೇಡ.

ಹಾಗೆ ಕೇಳುವುದನ್ನೇ ವ್ಯವಸ್ಥೆಯಾಗಿಸಿದ ಪ್ರಯತ್ನ ಮುಂಬಯಿಯ ‘ದಿಲಾಸಾ’. 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ, ಮಹಾನಗರಪಾಲಿಕೆ ಮತ್ತು ಸೆಹತ್ ಎಂಬ ಸಂಶೋಧನಾ ಸಂಸ್ಥೆ ಜೊತೆಯಾಗಿ ಆರಂಭಿಸಿದ ಆಪ್ತಸಲಹಾ ವಿಭಾಗವಿದು. ಸರ್ಕಾರಿ ಆಸ್ಪತ್ರೆಯ ಒಳಗೇ ಇರುವುದರಿಂದ ಹೆಂಗಸರು ಬಂದುಹೋಗುವುದು ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ. ಕಾನೂನು ಇದರ ಹಿಂದೆಯೇ ಬಂತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನೆರವು ಕೇಳಿ ಬಂದವಳಿಗೆ ಚಿಕಿತ್ಸೆ ಕೊಡಲೇಬೇಕೆಂದು ಆಸ್ಪತ್ರೆಗಳಿಗೆ ವಿಧಿಸಿತು. 2013ರ ಕ್ರಿಮಿನಲ್ ಕಾನೂನು ತಿದ್ದುಪಡಿ ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಸಿಕ್ಕವರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕೆಂದಿತು. ಅತ್ಯಾಚಾರಕ್ಕೊಳಗಾದವರ ಮೇಲೆ ‘ಎರಡು ಬೆರಳಿನ ಪರೀಕ್ಷೆ’ ನಡೆಸುವುದನ್ನು ಸುಪ್ರೀಂ ಕೋರ್ಟು 2013ರಲ್ಲಿ ತಪ್ಪೆಂದರೂ 2022ರಲ್ಲಿ ಮತ್ತೆ ಹೇಳಬೇಕಾಗಿ ಬಂತು. ವೈದ್ಯರ ಕೈಯೇ ಎರಡನೆಯ ಸಲ ಹಿಂಸಿಸುತ್ತಿದ್ದ ಪದ್ಧತಿ ಅದು. ಹಳ್ಳಿಗಳಲ್ಲಿ ಆಸ್ಪತ್ರೆಗೂ ಮುಂಚೆ ಸುಳಿವು ಸಿಗುವುದು ಆಶಾ ಕಾರ್ಯಕರ್ತೆಗೆ. ಆದರೆ ಅವಳೂ ಅದೇ ಬೀದಿಯವಳು, ಕೆಲವೊಮ್ಮೆ ಹೊಡೆಯುವವನ ಸಂಬಂಧಿಯೂ ಆಗಿರುತ್ತಾಳೆ. ಗೌರವಧನದ ಮೇಲೆ ದುಡಿಯುವ ಅವಳ ಮೇಲೆ ಈ ಭಾರವನ್ನೂ ಹೊರಿಸಿ, ಬೆನ್ನಿಗೆ ಯಾರನ್ನೂ ನಿಲ್ಲಿಸದಿರುವುದು ಅನ್ಯಾಯ.

ಬರೆದಿಟ್ಟ ಮಾಹಿತಿ ಊರಿನ ಹಿಂಸೆಯನ್ನೂ ತಗ್ಗಿಸಬಲ್ಲದೆಂಬುದಕ್ಕೆ ವೇಲ್ಸಿನ ಕಾರ್ಡಿಫ್ ನಗರ ನಿದರ್ಶನ. ಅಲ್ಲಿಯ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ ಜೊನಾಥನ್ ಶೆಪರ್ಡ್, ಜಗಳದಲ್ಲಿ ಗಾಯಗೊಂಡು ಬರುವವರಲ್ಲಿ ಬಹಳ ಮಂದಿಯ ವಿಷಯ ಪೊಲೀಸರ ಲೆಕ್ಕದಲ್ಲೇ ಇಲ್ಲವೆಂದು ಕಂಡುಕೊಂಡರು. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ ಎಂದು ಆಸ್ಪತ್ರೆಯ ಸ್ವಾಗತದ ಮೇಜಿನಲ್ಲೇ ಕೇಳಿ ಬರೆದುಕೊಂಡು, ಹೆಸರು ತೆಗೆದು, ನಗರಸಭೆಗೂ ಪೊಲೀಸರಿಗೂ ಕೊಡುವ ಏರ್ಪಾಡು ಬಂತು. ಯಾವ ಪಬ್ಬಿನ ಮುಂದೆ ಗಸ್ತು ಬೇಕು, ಎಲ್ಲಿ ಗಾಜಿನ ಲೋಟದ ಬದಲು ಬೇರೆ ಇಡಬೇಕು ಎಂಬುದು ಅದರಿಂದ ತಿಳಿಯಿತು. ಬಾಣ ಬಿಟ್ಟವನ ಹೆಸರು ಹೇಳದೆಯೂ ಬಿಲ್ಲುಗಳು ಎಲ್ಲಿವೆ ಎಂದು ಹೇಳಬಹುದು ಎಂಬುದು ಇಲ್ಲಿಯ ಯುಕ್ತಿ. ರೋಗಿಯ ಗುಟ್ಟನ್ನು ಕಾಯುವ ಹಳೆಯ ನಿಯಮಕ್ಕೂ ಇದರಿಂದ ಭಂಗವಿಲ್ಲ.

ಹಿಂಸೆಯನ್ನು ರೋಗವೆಂದು ಕಾಣುವುದಕ್ಕೆ ತಾತ್ವಿಕ ಆಕ್ಷೇಪಗಳೂ ಇವೆ. ಕ್ಷಯವನ್ನೂ ಏಡ್ಸನ್ನೂ ನೋಡಿದ್ದ ಸಾಂಕ್ರಾಮಿಕ ರೋಗತಜ್ಞ ಗ್ಯಾರಿ ಸ್ಲಟ್ಕಿನ್, 2000ದಿಂದ ಈಚೆಗೆ ಶಿಕಾಗೋದ ಬೀದಿಗಳಲ್ಲಿ ಗುಂಡಿನ ಕಾಳಗಗಳನ್ನು ಸೋಂಕಿನಂತೆ ಎಣಿಸಿ, ಸೇಡು ಹೊತ್ತಿಕೊಳ್ಳುವ ಮೊದಲೇ ಮಧ್ಯೆ ಹೋಗಬಲ್ಲ ಮಾಜಿ ಗ್ಯಾಂಗಿನವರನ್ನು ಕೆಲಸಕ್ಕೆ ಇಟ್ಟುಕೊಂಡರು. ವಿಧಾನ ಉಪಯುಕ್ತ. ಆದರೆ ರೋಗಾಣುವಿಗೆ ಪಾಪವಿಲ್ಲ, ಹೊಡೆದವನಿಗೆ ಇದೆ. ಹಿಂಸೆ ಬರೀ ಸೋಂಕಾದರೆ ನ್ಯಾಯದ ಪ್ರಶ್ನೆ ಎಲ್ಲಿ ಹೋಯಿತು? ಚರಕನಲ್ಲಿ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ರೋಗದ ಮೂಲವೇ ಅಧರ್ಮ. ಕಾರಣ ಹುಡುಕುವುದೂ ಹೊಣೆ ಗೊತ್ತುಮಾಡುವುದೂ ಒಂದೇ ಕೆಲಸ. ಇನ್ನೊಂದು ಅಪಾಯ ಹೆಚ್ಚು ಭೀಕರ. ಸಮಾಜವನ್ನು ದೇಹವೆಂದೂ ಕೆಲವರನ್ನು ಅದರ ರೋಗವೆಂದೂ ಕರೆದ ನಾಜಿ ಆಡಳಿತಕ್ಕೆ ವೈದ್ಯರೇ ಮುಂದಾಳುಗಳಾದರು. 1946–47ರ ನ್ಯೂರೆಂಬರ್ಗ್ ‘ವೈದ್ಯರ ವಿಚಾರಣೆ’ಯ 23 ಆರೋಪಿಗಳಲ್ಲಿ 20 ಮಂದಿ ವೈದ್ಯರು. ಒಟ್ಟು ಏಳು ಮಂದಿಗೆ ಗಲ್ಲಾಯಿತು. ವೈದ್ಯನ ಮಾತಿಗೆ ಸಮಾಜ ಕೊಡುವ ನಂಬಿಕೆಯನ್ನೇ ಕೊಲೆಗೆ ಬಳಸಲಾಯಿತು. ಹೀಗಾಗಿ ಹಿಂಸೆ ಎಂಬ ಕೃತ್ಯಕ್ಕೆ ರೋಗದ ಮಾತು ಒಪ್ಪಬಹುದು. ಯಾವ ಜನವರ್ಗಕ್ಕೂ ಅದು ಸಲ್ಲದು.

ಕೊನೆಯದಾಗಿ, ಆರೋಗ್ಯ ಕಾರ್ಯಕರ್ತರ ಮೇಲೆಯೇ ನಡೆಯುವ ಹಿಂಸೆ. ಕರ್ನಾಟಕದಲ್ಲಿ ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದ ಪ್ರತ್ಯೇಕ ಕಾಯ್ದೆ ಇದೆ. ಆದರೂ ರೋಗಿ ಸತ್ತಾಗ ಗಾಜು ಒಡೆಯುವುದು ನಿಂತಿಲ್ಲ. ಬಿಲ್ಲಿನ ಮೊತ್ತ, ಹಾಸಿಗೆಯ ಕೊರತೆ, ಏನಾಯಿತೆಂದು ಕೂತು ಹೇಳುವವರಿಲ್ಲದಿರುವುದು, ಇವೂ ಕಾರಣಗಳ ಪಟ್ಟಿಗೆ ಸೇರುತ್ತವೆ. ಹೊರಗಿನ ಹಿಂಸೆಯ ಕಾರಣ ಕೇಳುವ ವೃತ್ತಿ ತನ್ನ ಅಂಗಳದ್ದನ್ನೂ ಕೇಳಬೇಕಾಗುತ್ತದೆ. ಯುದ್ಧಭೂಮಿಯಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿದೆ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಗಡಿಗಳಿಲ್ಲದ ವೈದ್ಯರು ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಮಂದಿ ಸತ್ತರು. ಆಸ್ಪತ್ರೆ ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶಗಳನ್ನು ಸಂಸ್ಥೆ ಮೊದಲೇ ಕೊಟ್ಟಿತ್ತು. ಮುಂದಿನ ವರ್ಷದ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2286ನೆಯ ನಿರ್ಣಯದಲ್ಲಿ ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಿತು. ದಾಳಿ ಹೇಗಾಯಿತು, ಯಾರ ಹೊಣೆ ಎಂದು ಸ್ವತಂತ್ರವಾಗಿ ತನಿಖೆಯಾಗಬೇಕೆಂದು ಸಂಸ್ಥೆ ಕೇಳಿತ್ತು. ಜಿನೀವಾ ಒಪ್ಪಂದಗಳ ಅಡಿಯ ಸತ್ಯಶೋಧನಾ ಆಯೋಗ ಅದಕ್ಕೆ ಸಿದ್ಧವೂ ಇತ್ತು. ಆಯೋಗ ಕೆಲಸ ಶುರು ಮಾಡಲು ಸಂಬಂಧಪಟ್ಟ ದೇಶಗಳ ಒಪ್ಪಿಗೆ ಬೇಕು. ಅಮೆರಿಕವೂ ಅಫ್ಘಾನಿಸ್ತಾನವೂ ಅದನ್ನು ಕೊಡಲಿಲ್ಲ. ಅಮೆರಿಕದ ಸೇನೆಯೇ ನಡೆಸಿದ ವಿಚಾರಣೆ ಇದನ್ನು ಮಾನವ ದೋಷವೆಂದು ಬರೆದು, 16 ಮಂದಿಯ ಮೇಲೆ ಆಡಳಿತಾತ್ಮಕ ಕ್ರಮ ಕೈಗೊಂಡು ಮುಗಿಸಿತು.